ಗ್ರೂಪಿನಲ್ಲಿ ಬರೆದದ್ದು ಪುಸ್ತಕವಾದರೆ ದುಡ್ಡು ಯಾರಿಗೆ, ಗುಟ್ಟು ಯಾರದ್ದು?

2023ರಲ್ಲಿ ಸಂಸತ್ತು ಒಪ್ಪಿದ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯ ನಿಯಮಗಳು 2025ರ ನವೆಂಬರ್‌ನಲ್ಲಿ ಹೊರಬಿದ್ದವು. ಆ ಸುದ್ದಿಯ ಬೆನ್ನಿಗೇ ಮಂಗಳೂರು, ಉಡುಪಿ ಕಡೆಯ ವಾಟ್ಸ್‌ಆ್ಯಪ್, ಫೇಸ್‌ಬುಕ್ ಬಳಗಗಳಲ್ಲಿ ಒಂದಕ್ಕೊಂದು ತಾಳೆಯಾಗದ ಎರಡು ಮಾತು ಓಡಾಡುತ್ತಿವೆ. “ಇನ್ನು ಯಾರ ಪೋಸ್ಟನ್ನೂ ಮುಟ್ಟುವ ಹಾಗಿಲ್ಲ, ಮುಟ್ಟಿದರೆ 250 ಕೋಟಿ ದಂಡ” ಎನ್ನುವುದು ಒಂದು. “ಎಲ್ಲರೆದುರು ಹಾಕಿದ ಮೇಲೆ ಖಾಸಗಿ ಏನು ಬಂತು, ಯಾರು ಬೇಕಾದರೂ ಪುಸ್ತಕ ಮಾಡಬಹುದು” ಎನ್ನುವುದು ಇನ್ನೊಂದು. ಎರಡೂ ಅರ್ಧಂಬರ್ಧ ಸರಿ. ಹಾಗಾಗಿಯೇ ಎರಡೂ ಅಪಾಯಕಾರಿ.

ಗೊಂದಲದ ಮೂಲ ಇಷ್ಟು. ಗ್ರೂಪಿನ ಬರಹಗಳನ್ನು ಒಟ್ಟುಮಾಡಿ ಪುಸ್ತಕ ತರುವಾಗ ಎರಡು ಬೇರೆ ಕಾನೂನುಗಳು ಒಟ್ಟಿಗೆ ಎದುರಾಗುತ್ತವೆ. 1957ರ ಹಕ್ಕುಸ್ವಾಮ್ಯ ಕಾಯ್ದೆ ನೋಡುವುದು ಬರಹವನ್ನು. 2023ರ ಹೊಸ ಕಾಯ್ದೆ ನೋಡುವುದು ಬರಹದೊಳಗೆ ಇರುವ ಮನುಷ್ಯರ ಮಾಹಿತಿಯನ್ನು. ಚರ್ಚೆಯೆಲ್ಲ ಹೊಸದರ ಸುತ್ತಲೇ ನಡೆದಿದ್ದರೂ, ಬರೆದವರ ಕೈಗೆ ನಿಜವಾದ ಬಲ ಕೊಡುವುದು ಹಳೆಯದು. ಎರಡರ ನಡುವೆ ಯಾರಿಗೂ ಸರಿಯಾಗಿ ಕಾಣಿಸದೆ ಉಳಿಯುವ ಮೂರನೆಯವರೊಬ್ಬರು ಇದ್ದಾರೆ. ಅವರ ವಿಷಯಕ್ಕೆ ಕೊನೆಗೆ ಬರೋಣ.

ಸ್ಮರಣ ಸಂಚಿಕೆಯ ಊರಿನಲ್ಲಿ

ಪುಸ್ತಕ ಮಾಡುವುದು ಕರಾವಳಿಗೆ ಹೊಸ ಹುಚ್ಚೇನಲ್ಲ. ದೇವಸ್ಥಾನದ ಬ್ರಹ್ಮಕಲಶೋತ್ಸವ ಇರಲಿ, ಶಾಲೆಯ ಶತಮಾನೋತ್ಸವ ಇರಲಿ, ಯುವಕ ಮಂಡಲದ ಬೆಳ್ಳಿಹಬ್ಬ ಇರಲಿ, ಸ್ಮರಣ ಸಂಚಿಕೆ ಇಲ್ಲದೆ ಮುಗಿಯುವುದಿಲ್ಲ. ಒಂದು ಸಮಿತಿ, ಒಬ್ಬ ಸಂಪಾದಕ, ಹಿಂದೆಮುಂದೆ ಜಾಹೀರಾತು. ಅಲ್ಲಿ ಲೇಖನ ಕೊಡುವವರಿಗೆ ಅದು ಅಚ್ಚಾಗುತ್ತದೆ ಎಂಬುದು ಮೊದಲೇ ಗೊತ್ತು. ಅಚ್ಚಿಗೆ ತಕ್ಕಂತೆ ನಾಲಗೆ ಹಿಡಿದು ಬರೆಯುತ್ತಾರೆ.

ಈಗ ಲೇಖನ ಬೇಡುವ ಕೆಲಸವೇ ಇಲ್ಲ. ಮುಂಬೈ, ದುಬೈ, ಕುವೈತ್, ಮಸ್ಕತ್‌ನಲ್ಲಿರುವವರು ರಾತ್ರಿ ಊಟ ಮುಗಿಸಿ ಕೂತು ಬರೆದದ್ದು ಫೋನಿನಲ್ಲೇ ರಾಶಿ ಬಿದ್ದಿದೆ. ಕುಟುಂಬದ ಮನೆ, ನಾಗಬನ, ಕಂಬಳದ ಕೋಣಗಳು, ಆಟಿ ತಿಂಗಳ ಅಡುಗೆ, ಬೀಡಿ ಕಟ್ಟಿ ಮಕ್ಕಳನ್ನು ಓದಿಸಿದ ತಾಯಂದಿರು, ಮುರಿದ ಮದುವೆ, ಬಾರದ ಪಾಲು. ಇದನ್ನೆಲ್ಲ ಎತ್ತಿ ಜೋಡಿಸಿದರೆ ಇನ್ನೂರು ಪುಟದ ಪುಸ್ತಕ ಸಿದ್ಧ. ಬೇಕಾದಷ್ಟೇ ಪ್ರತಿ ಮುದ್ರಿಸುವ ವ್ಯವಸ್ಥೆ ಬಂದ ಮೇಲೆ ದೊಡ್ಡ ಬಂಡವಾಳವೂ ಬೇಡ.

ಹೀಗೆ ಪುಸ್ತಕ ಮಾಡುವವರ ವಾದವನ್ನು ತಳ್ಳಿಹಾಕುವಂತಿಲ್ಲ. ಫೋನು ಕೆಟ್ಟರೆ, ಗ್ರೂಪು ಮುಚ್ಚಿದರೆ ಈ ಬರಹಗಳೆಲ್ಲ ಹೋದಂತೆಯೇ. ಬಾಯಲ್ಲಿದ್ದದ್ದು ಪುಸ್ತಕಕ್ಕೆ ಬಂದದ್ದರಿಂದಲೇ ತುಳುವಿನ ಎಷ್ಟೋ ಸಂಪತ್ತು ಉಳಿದಿದೆ. ಬೆಳ್ತಂಗಡಿ ಕಡೆಯ ಮಾಚಾರು ಗೋಪಾಲ ನಾಯ್ಕರು ಹಾಡಿದ ಸಿರಿ ಕಾವ್ಯವನ್ನು 1990ರ ಡಿಸೆಂಬರ್‌ನಲ್ಲಿ ಫಿನ್ಲೆಂಡಿನ ಲೌರಿ ಹೊಂಕೊ, ನಮ್ಮ ಬಿ.ಎ. ವಿವೇಕ ರೈ ಮತ್ತು ಕೆ. ಚಿನ್ನಪ್ಪ ಗೌಡರ ತಂಡ ದಾಖಲಿಸಿತು. 15,683 ಸಾಲುಗಳ ಆ ಕಾವ್ಯ 1998ರಲ್ಲಿ ಗ್ರಂಥವಾಗಿ ಬಂತು. ಶೀರ್ಷಿಕೆಯಲ್ಲೇ ಹಾಡಿದವರ ಹೆಸರಿದೆ. ಆದರೆ ಅಲ್ಲಿ ಮೈಕು ಕಣ್ಣೆದುರಿಗಿತ್ತು. ದಾಖಲಾಗುತ್ತಿದೆ ಎಂದು ಗೊತ್ತಿದ್ದೇ ಅವರು ಹಾಡಿದರು. ಗ್ರೂಪಿನಲ್ಲಿ ಬರೆಯುವವರ ಎದುರು ಇರುವುದು ಪರಿಚಯದ ನೂರಿನ್ನೂರು ಮುಖಗಳು ಮಾತ್ರ.

ಬರಹದ ಒಡೆತನ

ಇಲ್ಲಿ ಕಾನೂನಿನ ಉತ್ತರ ನೇರವಾಗಿದೆ. ಬರಹದ ಮೊದಲ ಒಡೆಯ ಬರೆದವರೇ, ಎನ್ನುತ್ತದೆ ಹಕ್ಕುಸ್ವಾಮ್ಯ ಕಾಯ್ದೆಯ 17ನೇ ಸೆಕ್ಷನ್. ನೋಂದಣಿ ಮಾಡಿಸಬೇಕಿಲ್ಲ, “ಹಕ್ಕುಗಳನ್ನು ಕಾಯ್ದಿರಿಸಿದೆ” ಎಂದು ಕೆಳಗೆ ಹಾಕಬೇಕಿಲ್ಲ. ಬರೆದವರು ಬದುಕಿರುವಷ್ಟು ಕಾಲ, ಆಮೇಲೆ 60 ವರ್ಷ ಆ ಹಕ್ಕು ನಡೆಯುತ್ತದೆ. ಹಳೇ ಮೊಬೈಲಿನಲ್ಲಿ ಬೆರಳು ಎಡವುತ್ತ ಟೈಪಿಸಿದ್ದಕ್ಕೂ ಇದು ಅನ್ವಯಿಸುತ್ತದೆ, ಮುದ್ದಾಗಿ ಬರೆದು ಪ್ರಕಾಶಕರಿಗೆ ಕೊಟ್ಟದ್ದಕ್ಕೂ ಅನ್ವಯಿಸುತ್ತದೆ.

“ನನ್ನ ಫೋನಿಗೆ ಬಂದದ್ದು ನನ್ನದಲ್ಲವೇ?” ಎಂಬ ಪ್ರಶ್ನೆಗೆ ಉತ್ತರ ಸಿಕ್ಕಿ ಶತಮಾನಗಳೇ ಕಳೆದಿವೆ. 1741ರಲ್ಲಿ ಇಂಗ್ಲಿಷ್ ಕವಿ ಅಲೆಕ್ಸಾಂಡರ್ ಪೋಪ್, ತನ್ನ ಪತ್ರಗಳನ್ನು ಕೇಳದೆ ಅಚ್ಚು ಹಾಕಿದ ಎಡ್ಮಂಡ್ ಕರ್ಲ್ ಎಂಬ ಪ್ರಕಾಶಕನ ವಿರುದ್ಧ ಕೋರ್ಟಿಗೆ ಹೋದ. ಕಾಗದ ಕೈಗೆ ಬಂದವರದ್ದು, ಅದರಲ್ಲಿರುವ ಮಾತನ್ನು ಪ್ರಕಟಿಸುವ ಹಕ್ಕು ಬರೆದವರದ್ದು ಎಂದಿತು ಕೋರ್ಟು. ಕಾಗದದ ಜಾಗದಲ್ಲಿ ಈಗ ಫೋನು ಇದೆ, ಅಷ್ಟೇ.

ಅಡ್ಮಿನ್ ಆದವರಿಗೂ ವಿಶೇಷ ಅಧಿಕಾರವೇನೂ ಇಲ್ಲ. ಸದಸ್ಯರು ಹಾಕಿದ ಆಕ್ಷೇಪಾರ್ಹ ಪೋಸ್ಟಿಗೆ, ಬರೀ ಅಡ್ಮಿನ್ ಎಂಬ ಕಾರಣಕ್ಕೆ ಹೊಣೆಯಾಗುವುದಿಲ್ಲ ಎಂದು 2021ರಲ್ಲಿ ಬಾಂಬೆ ಹೈಕೋರ್ಟ್, 2022ರಲ್ಲಿ ಕೇರಳ ಹೈಕೋರ್ಟ್ ಹೇಳಿವೆ. ಸದಸ್ಯರ ತಪ್ಪು ತನ್ನದಲ್ಲ ಎನ್ನುವ ಅಡ್ಮಿನ್ ಅವರ ಬರಹ ಮಾತ್ರ ತನ್ನದು ಎನ್ನುವುದು ಹೇಗೆ? ಇನ್ನು ಫೇಸ್‌ಬುಕ್, ವಾಟ್ಸ್‌ಆ್ಯಪ್ ಸೇರುವಾಗ ನಾವು ಓದದೆ ಒಪ್ಪುವ ಷರತ್ತುಗಳಿವೆಯಲ್ಲ, ಅವು ಬರಹ ಬಳಸುವ ಪರವಾನಗಿ ಕೊಡುವುದು ಆ ಕಂಪನಿಗೆ. ಗ್ರೂಪು ನಡೆಸುವವರಿಗಲ್ಲ.

ಎಲ್ಲ ಪೋಸ್ಟೂ ಒಡೆತನಕ್ಕೆ ಒಳಪಡುತ್ತದೆ ಎಂದೂ ಅಲ್ಲ. “ಸೂಪರ್ ಅಕ್ಕ” ಎಂಬ ಕಮೆಂಟಿಗೆ ಹಕ್ಕುಸ್ವಾಮ್ಯ ಇರುವುದಿಲ್ಲ. ವಿಷಯಕ್ಕೂ ಇಲ್ಲ, ಅದನ್ನು ಹೇಳಿದ ಬಗೆಗೆ ಮಾತ್ರ. ಪತ್ರೊಡೆಗೆ ಬೆಳ್ತಿಗೆ ಅಕ್ಕಿ, ಹುಣಸೆಹುಳಿ, ಬೆಲ್ಲ, ಒಣಮೆಣಸು, ಕೊತ್ತಂಬರಿ ಎಂಬ ಪಟ್ಟಿ ಯಾರ ಆಸ್ತಿಯೂ ಅಲ್ಲ. ಆದರೆ ಮಳೆ ಬಿಟ್ಟ ಗಳಿಗೆಯಲ್ಲಿ ಅತ್ತೆ ಮಾವಿನ ಮರದ ಕವಲಿನಲ್ಲಿ ಹುಟ್ಟಿದ ಮರಕೆಸುವನ್ನು ದೋಟಿಯಲ್ಲಿ ಎಳೆದು, ದಂಟಿನ ನಾರು ಹೆರೆದು, ದೊಡ್ಡ ಎಲೆ ಅಡಿಗೆ ಚಿಕ್ಕ ಎಲೆ ಮೇಲೆ ಇಟ್ಟು ಹಿಟ್ಟು ಸವರುತ್ತಿದ್ದುದನ್ನು ಒಬ್ಬಾಕೆ ಹತ್ತು ಸಾಲಿನಲ್ಲಿ ಬರೆದರೆ ಆ ಹತ್ತು ಸಾಲು ಆಕೆಯದ್ದೇ. ಅಡುಗೆ ಪುಸ್ತಕದ ಸಂಪಾದಕರು ಪಟ್ಟಿ ತೆಗೆದುಕೊಂಡು ತಮ್ಮ ಮಾತಿನಲ್ಲಿ ಬರೆಯಬಹುದು. ಆ ಸಾಲುಗಳನ್ನು ಎತ್ತಿ ಹಾಕುವಂತಿಲ್ಲ.

ಸಂಪಾದಕರ ಶ್ರಮಕ್ಕೆ ಬೆಲೆಯೇ ಇಲ್ಲವೇ? ಇದೆ. ಆಯ್ದು, ವಿಂಗಡಿಸಿ, ಜೋಡಿಸುವುದರಲ್ಲಿ ಒಂದಿಷ್ಟಾದರೂ ಸ್ವಂತಿಕೆ ಇದ್ದರೆ ಆ ಜೋಡಣೆಗೆ ಪ್ರತ್ಯೇಕ ಹಕ್ಕು ಹುಟ್ಟುತ್ತದೆ. ಈಸ್ಟರ್ನ್ ಬುಕ್ ಕಂಪನಿಯ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2007ರ ಡಿಸೆಂಬರ್‌ನಲ್ಲಿ ಸ್ವಂತಿಕೆಗೆ ಇಟ್ಟ ಅಳತೆಯೇ ಅದು. ಆದರೆ ಜೋಡಿಸಿದವರ ಹಕ್ಕು ಜೋಡಣೆಯ ಮೇಲೆ ನಿಲ್ಲುತ್ತದೆ, ಒಳಗಿನ ಬರಹವನ್ನು ನುಂಗುವುದಿಲ್ಲ.

ಹಾಗಾದರೆ ಒಪ್ಪಿಗೆ ಪಡೆಯುವುದು ಹೇಗೆ? 30ನೇ ಸೆಕ್ಷನ್ ಕೇಳುವುದು ಬರಹದಲ್ಲಿರುವ ಪರವಾನಗಿ. 2012ರ ತಿದ್ದುಪಡಿಯ ನಂತರ ಅದಕ್ಕೆ ಸಹಿ ಬೇಕೆಂದಿಲ್ಲ. ಹಾಗಾಗಿ “ಆಯಿತು, ನನ್ನ ಈ ಬರಹ ಹಾಕಿ” ಎಂಬ ಮೆಸೇಜು ಕೂಡ ಆಧಾರವಾಗಬಲ್ಲದು. ನಮ್ಮಲ್ಲಿ ಸಾಮಾನ್ಯವಾಗಿ ನಡೆಯುವುದೇ ಬೇರೆ. “ಪುಸ್ತಕ ತರುತ್ತಿದ್ದೇವೆ, ಆಕ್ಷೇಪ ಇರುವವರು ಭಾನುವಾರದೊಳಗೆ ತಿಳಿಸಿ” ಎಂದು ಅಡ್ಮಿನ್ ಒಂದು ಸಾಲು ಹಾಕುತ್ತಾರೆ. ದಿನಕ್ಕೆ ಮುನ್ನೂರು ಗುಡ್ ಮಾರ್ನಿಂಗ್ ಚಿತ್ರ ಬರುವ ಗ್ರೂಪಿನಲ್ಲಿ ಅದು ಎಷ್ಟು ಜನರ ಕಣ್ಣಿಗೆ ಬಿತ್ತೋ ದೇವರೇ ಬಲ್ಲ. ಮೌನವನ್ನು ಸಮ್ಮತಿ ಎಂದು ಗಾದೆ ಒಪ್ಪಬಹುದು, ಕಾಯ್ದೆಯಲ್ಲಿ ಅದಕ್ಕೆ ಜಾಗವಿಲ್ಲ.

ಉಡುಪಿ ಕೋರ್ಟಿನಿಂದ ದಿಲ್ಲಿ ತನಕ

“ಗ್ರೂಪು ಎಲ್ಲರದ್ದು, ಆದ್ದರಿಂದ ಅಲ್ಲಿ ಹುಟ್ಟಿದ್ದು ಗ್ರೂಪಿನದ್ದು” ಎಂಬ ವಾದಕ್ಕೆ ನಮ್ಮ ಊರಿನದ್ದೇ ಒಂದು ಪ್ರಕರಣ ಉತ್ತರ ಕೊಡುತ್ತದೆ. ಕೋಟ ಶಿವರಾಮ ಕಾರಂತರು ಯಕ್ಷಗಾನಕ್ಕೆ ಹೊಸ ರೂಪ ಕೊಟ್ಟು ಯಕ್ಷರಂಗ ಬ್ಯಾಲೆ ಕಟ್ಟಿದರು. 1994ರ ಜೂನ್ 18ರ ಉಯಿಲಿನಲ್ಲಿ ತಮ್ಮ ಕೃತಿಗಳ ಹಕ್ಕನ್ನು ಮಾಲಿನಿ ಮಲ್ಯ ಅವರಿಗೆ ಬರೆದಿಟ್ಟರು. 2001ರಲ್ಲಿ ಮಣಿಪಾಲದ ಅಕಾಡೆಮಿ ಆಫ್ ಜನರಲ್ ಎಜುಕೇಶನ್ ದಿಲ್ಲಿಯಲ್ಲಿ ‘ಅಭಿಮನ್ಯು ವಧ’ ಆಡಿಸಿದಾಗ ಮಾಲಿನಿ ಮಲ್ಯ ಉಡುಪಿಯ ಜಿಲ್ಲಾ ನ್ಯಾಯಾಲಯಕ್ಕೆ ಹೋದರು.

ಸಂಸ್ಥೆಯ ವಾದ ಕೇಳುವುದಕ್ಕೆ ಸರಳವಾಗಿತ್ತು: ಕಾರಂತರು ಈ ಕೆಲಸ ಮಾಡಿದ್ದು ನಮ್ಮ ಕೇಂದ್ರದಲ್ಲಿ, ನಮ್ಮ ಹಣದಲ್ಲಿ, ನಮ್ಮ ಕಲಾವಿದರೊಂದಿಗೆ, ಆದ್ದರಿಂದ ಹಕ್ಕು ನಮ್ಮದು. ಉಡುಪಿಯ ಕೋರ್ಟು ಒಪ್ಪಲಿಲ್ಲ, ಹೈಕೋರ್ಟೂ ಒಪ್ಪಲಿಲ್ಲ. 2009ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಕೂಡ ತಡೆಯನ್ನು ಎತ್ತಿಹಾಕಲಿಲ್ಲ. ಶಿಕ್ಷಣ ಸಂಸ್ಥೆಯೊಳಗಿನ ಪ್ರದರ್ಶನದಂಥ, ಕಾಯ್ದೆಯೇ ಕೊಟ್ಟ ವಿನಾಯಿತಿಗಳು ಉಳಿಯುತ್ತವೆ ಎಂದಷ್ಟೇ ಸ್ಪಷ್ಟಪಡಿಸಿತು. ವೇದಿಕೆ, ಹಣ, ಜನ ಎಲ್ಲ ಒದಗಿಸಿದ ಸಂಸ್ಥೆಗೇ ಹಕ್ಕು ತಾನಾಗಿ ಬರಲಿಲ್ಲ. ಒಂದು ಗ್ರೂಪು ತೆರೆದ ಮಾತ್ರಕ್ಕೆ ಬರುತ್ತದೆಯೇ?

ಮೊದಲೇ ಎಲ್ಲರೂ ಒಪ್ಪಿ ಹಕ್ಕು ಬಿಟ್ಟುಕೊಟ್ಟ ಕಡೆ ಮಾತ್ರ ಲೆಕ್ಕ ಬೇರೆ. 2016ರ ಆಗಸ್ಟ್‌ನಲ್ಲಿ ಆರಂಭವಾದ ತುಳು ವಿಕಿಪೀಡಿಯದಲ್ಲಿ ಬರೆಯುವವರು ಕ್ರಿಯೇಟಿವ್ ಕಾಮನ್ಸ್ ಪರವಾನಗಿಗೆ ಒಪ್ಪಿಯೇ ಬರೆಯುತ್ತಾರೆ. ಮೂಲವನ್ನು ಹೆಸರಿಸಿ, ಅದೇ ಷರತ್ತಿನಲ್ಲಿ ಯಾರು ಬೇಕಾದರೂ ಅದನ್ನು ಅಚ್ಚು ಹಾಕಿ ಮಾರಬಹುದು. ಅಲ್ಲಿ ತಕರಾರಿಗೆ ಎಡೆ ಕಡಿಮೆ.

ಹಣದ ಲೆಕ್ಕ

ಜಗಳ ಕೇಳಿಸುವುದು ಹಣದ ಹೆಸರಿನಲ್ಲಿ. ಹಾಗಾಗಿ ಒಂದು ಅಂದಾಜು ಲೆಕ್ಕ ಹಾಕೋಣ. 250 ರೂಪಾಯಿ ಬೆಲೆಯ ಪುಸ್ತಕದ 1000 ಪ್ರತಿಯೂ ಮಾರಾಟವಾಯಿತು ಎಂದಿಟ್ಟುಕೊಳ್ಳಿ. ಕನ್ನಡ ಪುಸ್ತಕಕ್ಕೆ ಅದು ಸಂಭ್ರಮದ ಸಂಗತಿಯೇ. ಮುಖಬೆಲೆಯ ಶೇ. 10 ರಾಯಧನ ಎಂದರೆ 25,000 ರೂಪಾಯಿ. ಬರೆದವರು 120 ಜನ ಇದ್ದರೆ ತಲೆಗೆ 208 ರೂಪಾಯಿ. ಒಬ್ಬರು ಮಂಗಳೂರಿನ ಐಡಿಯಲ್ ಐಸ್‌ಕ್ರೀಂ ಅಂಗಡಿಗೆ ಹೋಗಿ ಗಡ್‌ಬಡ್ ತಿಂದರೆ ಮುಗಿಯಿತು.

ಅಂದರೆ ಬಹುತೇಕ ಸಂದರ್ಭಗಳಲ್ಲಿ ಸಿಟ್ಟಿನ ಮೂಲ ಆ 208 ರೂಪಾಯಿ ಅಲ್ಲ. ಪ್ರಾಯೋಜಕರು ಕೊಟ್ಟದ್ದೆಷ್ಟು, ಗ್ರಂಥಾಲಯ ಇಲಾಖೆ ಎಷ್ಟು ಪ್ರತಿ ಕೊಂಡಿತು, ಮುಖಪುಟದಲ್ಲಿ ಯಾರ ಹೆಸರು, ಬಿಡುಗಡೆಯ ವೇದಿಕೆಯಲ್ಲಿ ಯಾರಿಗೆ ಶಾಲು ಎಂಬುದನ್ನು ಯಾರೂ ಹೇಳದಿರುವುದು. “ಲಾಭವೆಲ್ಲ ಊರಿನ ಶಾಲೆಗೆ” ಎಂದರೂ ಕಾನೂನಿನ ದೃಷ್ಟಿಯಲ್ಲಿ ಅನುಮತಿಯ ಕೊರತೆ ತುಂಬುವುದಿಲ್ಲ. 63ನೇ ಸೆಕ್ಷನ್ ಪ್ರಕಾರ ಉಲ್ಲಂಘನೆಗೆ ಆರು ತಿಂಗಳಿಂದ ಮೂರು ವರ್ಷದ ತನಕ ಸೆರೆ, 50,000ದಿಂದ 2 ಲಕ್ಷದ ತನಕ ದಂಡ ಇದೆ. ಲಾಭಕ್ಕಾಗಿ ಮಾಡಿದ್ದಲ್ಲ ಎಂದು ಕಂಡರೆ ಕೋರ್ಟು ಶಿಕ್ಷೆ ತಗ್ಗಿಸಬಹುದು, ಅಷ್ಟೇ.

ದೊಡ್ಡ ಹಣ ಬಂದ ಉದಾಹರಣೆಗಳೂ ಇವೆ. 2004ರಲ್ಲಿ ಜಪಾನಿನ 2ಚಾನೆಲ್ ಎಂಬ ತಾಣದಲ್ಲಿ, ರೈಲಿನಲ್ಲಿ ಪರಿಚಯವಾದ ಹುಡುಗಿಯನ್ನು ಹೇಗೆ ಮಾತಾಡಿಸಲಿ ಎಂದು ಯುವಕನೊಬ್ಬ ಕೇಳಿದ. ಹೆಸರಿಲ್ಲದ ನೂರಾರು ಜನ ಸಲಹೆ ಕೊಟ್ಟರು. ಆ ಮಾತುಕತೆಯೇ ‘ಡೆನ್ಷಾ ಒಟೊಕೊ’ ಎಂಬ ಪುಸ್ತಕವಾಗಿ ಹತ್ತು ಲಕ್ಷಕ್ಕೂ ಹೆಚ್ಚು ಪ್ರತಿ ಮಾರಾಟವಾಯಿತು. ಮರುವರ್ಷ ಸಿನಿಮಾ, ಧಾರಾವಾಹಿಯೂ ಬಂದವು. ಲೇಖಕನ ಜಾಗದಲ್ಲಿದ್ದದ್ದು ಒಂದು ಕಲ್ಪಿತ ಹೆಸರು. ಸಲಹೆ ಕೊಟ್ಟವರು ಯಾರೆಂದು ತೋರಿಸುವ ದಾಖಲೆಯೇ ಇಲ್ಲದಾಗ ಪಾಲು ಕೇಳಲು ಯಾರು ಬರಬೇಕು?

ಅಮೆರಿಕದಲ್ಲಿ 2011ರಲ್ಲಿ ಹಫಿಂಗ್ಟನ್ ಪೋಸ್ಟ್ ಎಂಬ ಸುದ್ದಿತಾಣ 31.5 ಕೋಟಿ ಡಾಲರಿಗೆ ಎಒಎಲ್ ಕಂಪನಿಗೆ ಮಾರಾಟವಾದಾಗ, ಅಲ್ಲಿಗೆ ಬಿಟ್ಟಿ ಬರೆದವರು ಪಾಲು ಕೇಳಿ ಕೋರ್ಟಿಗೆ ಹೋದರು. ಹಣ ಸಿಗುವುದಿಲ್ಲ ಎಂದು ಗೊತ್ತಿದ್ದೇ ಬರೆದಿರಿ ಎಂದು 2012ರಲ್ಲಿ ಕೋರ್ಟು ದಾವೆ ವಜಾ ಮಾಡಿತು. ಈ ತರ್ಕವನ್ನು ನಮ್ಮ ಗ್ರೂಪುಗಳಿಗೆ ತಂದು ಅಂಟಿಸುವಂತಿಲ್ಲ. ಅವರಿಗೆ ಪ್ರಕಟವಾಗುತ್ತದೆ ಎಂದಾದರೂ ತಿಳಿದಿತ್ತು.

ಹೊಸ ಕಾಯ್ದೆಯ ಎರಡು ಕಿಂಡಿಗಳು

ಈಗ 2023ರ ಕಾಯ್ದೆಗೆ ಬರೋಣ. ಅದರ 3ನೇ ಸೆಕ್ಷನ್ ಎರಡು ಸಂದರ್ಭಗಳನ್ನು ಪೂರ್ತಿ ಹೊರಗಿಡುತ್ತದೆ. ವೈಯಕ್ತಿಕ ಅಥವಾ ಮನೆಮಟ್ಟದ ಉದ್ದೇಶಕ್ಕೆ ಮಾಹಿತಿ ಬಳಸುವುದು ಒಂದು. ವ್ಯಕ್ತಿ ತಾನೇ ಸಾರ್ವಜನಿಕವಾಗಿ ಹಾಕಿದ ತನ್ನ ಮಾಹಿತಿ ಇನ್ನೊಂದು. ತನ್ನ ಅಭಿಪ್ರಾಯ ಬರೆಯುತ್ತ ಸ್ವಂತ ಮಾಹಿತಿಯನ್ನು ಸಾಮಾಜಿಕ ಜಾಲತಾಣದಲ್ಲಿ ಬಹಿರಂಗವಾಗಿ ಹಾಕಿದವಳ ಉದಾಹರಣೆಯನ್ನು ಕಾಯ್ದೆಯೇ ಕೊಟ್ಟು, ಅಲ್ಲಿ ತಾನು ಅನ್ವಯಿಸುವುದಿಲ್ಲ ಎನ್ನುತ್ತದೆ. “ಯಾರು ಬೇಕಾದರೂ ಬಳಸಬಹುದು” ಎನ್ನುವವರು ಹಿಡಿದುಕೊಂಡಿರುವುದು ಈ ಸಾಲನ್ನು.

ಅವರು ಮರೆಯುವುದು ಮೂರು ವಿಷಯ. ಈ ವಿನಾಯಿತಿ ಈ ಕಾಯ್ದೆಯಿಂದ ಮಾತ್ರ. ಹಕ್ಕುಸ್ವಾಮ್ಯ ಅಲ್ಲಿಯೇ ಇರುತ್ತದೆ. ಎರಡನೆಯದಾಗಿ, ಎಲ್ಲರಿಗೂ ತೆರೆದ ಫೇಸ್‌ಬುಕ್ ಪೋಸ್ಟೂ ಅಡ್ಮಿನ್ ಸೇರಿಸಿದರೆ ಮಾತ್ರ ಒಳಬರಬಹುದಾದ ವಾಟ್ಸ್‌ಆ್ಯಪ್ ಗ್ರೂಪೂ ಒಂದೇ ಅಲ್ಲ. ವಾಟ್ಸ್‌ಆ್ಯಪ್ ಗ್ರೂಪಿನಲ್ಲಿ 1024 ಜನ ಇರಬಹುದು. ಅಷ್ಟು ಜನ ಓದಿದ್ದು ಸಾರ್ವಜನಿಕವೇ? ಕಾಯ್ದೆಯಲ್ಲಿ ಇದಕ್ಕೆ ವ್ಯಾಖ್ಯೆ ಇಲ್ಲ, ಇದು ಕೋರ್ಟಿನಲ್ಲೇ ತೀರ್ಮಾನವಾಗಬೇಕಾದ ಪ್ರಶ್ನೆ. ಮೂರನೆಯದಾಗಿ, ಬೆಲೆ ಹಾಕಿ ಮಾರುವ ಪುಸ್ತಕವನ್ನು ಮನೆಮಟ್ಟದ ಉದ್ದೇಶ ಎಂದು ವಾದಿಸುವುದು ಕಷ್ಟ.

250 ಕೋಟಿಯ ಭಯ ಹುಟ್ಟಿಸುವವರದ್ದೂ ಉತ್ಪ್ರೇಕ್ಷೆಯೇ. ಅದು ಮಾಹಿತಿಯ ಭದ್ರತೆಯಲ್ಲಿ ಲೋಪವಾದಾಗ ವಿಧಿಸಬಹುದಾದ ಗರಿಷ್ಠ ಮೊತ್ತ. ಒಪ್ಪಿಗೆ, ನೋಟಿಸ್‌ನಂಥ ಮುಖ್ಯ ಭಾಗಗಳು ನಿಯಮ ಪ್ರಕಟವಾದ 18 ತಿಂಗಳ ನಂತರ, ಅಂದರೆ 2027ರ ಮೇ ತಿಂಗಳಲ್ಲಿ ಜಾರಿಗೆ ಬರುತ್ತವೆ. ಆಮೇಲೆ ಒಪ್ಪಿಗೆ ಮುಕ್ತವಾಗಿ, ನಿರ್ದಿಷ್ಟ ಉದ್ದೇಶಕ್ಕೆ, ಸ್ಪಷ್ಟ ಕ್ರಿಯೆಯ ಮೂಲಕ ಕೊಟ್ಟದ್ದಾಗಿರಬೇಕು. “ಭಾನುವಾರದೊಳಗೆ ತಿಳಿಸಿ” ಎಂಬ ಸಾಲು ಇಲ್ಲಿಯೂ ನಿಲ್ಲುವುದಿಲ್ಲ. ಕೊಟ್ಟ ಒಪ್ಪಿಗೆಯನ್ನು ವಾಪಸು ಪಡೆಯಬಹುದು. ಆದರೆ ಅದಕ್ಕೆ ಮೊದಲು ಒಪ್ಪಿಗೆಯ ಮೇಲೆ ನಡೆದ ಕೆಲಸ ಅಕ್ರಮವಾಗುವುದಿಲ್ಲ, ಮಾರಾಟವಾದ ಪ್ರತಿಗಳು ಮನೆಮನೆಯ ಕಪಾಟಿನಲ್ಲೇ ಉಳಿಯುತ್ತವೆ.

ಹೆಸರು ಬದಲಿಸಿದರೆ ಸಾಕೇ?

“ಹೆಸರು ತೆಗೆದಿದ್ದೇವೆ” ಎಂಬುದು ಸಂಪಾದಕರ ಸಿದ್ಧ ಉತ್ತರ. ನಮ್ಮ ಊರುಗಳಲ್ಲಿ ಇದು ಎಷ್ಟು ದುರ್ಬಲ ಎಂದು ನೋಡಿ. ‘ಬೈಂದೂರು ಕಡೆಯ ಒಬ್ಬ ಮಹಿಳೆ, ಗಂಡ ಮಸ್ಕತ್‌ನಲ್ಲಿ, ಆಕೆ ಸಹಕಾರಿ ಸಂಘದಲ್ಲಿ ಗುಮಾಸ್ತೆ, ಎರಡನೇ ಹೆರಿಗೆಯ ನಂತರ ಖಿನ್ನತೆಗೆ ಮಣಿಪಾಲದಲ್ಲಿ ಔಷಧಿ’ ಎಂದು ಒಂದು ಬರಹ ಇದೆ ಎಂದು ಕಲ್ಪಿಸಿಕೊಳ್ಳಿ. ಬೆಂಗಳೂರಿನ ಓದುಗನಿಗೆ ಆಕೆ ಯಾರೋ. ಬೈಂದೂರಿನವರಿಗೆ ಎರಡನೇ ವಾಕ್ಯ ಮುಗಿಯುವ ಮೊದಲೇ ಗೊತ್ತಾಗುತ್ತದೆ. ಮನೆ ಹೆಸರು, ಕುಲನಾಮ, ಯಾವ ನಾಗಬನಕ್ಕೆ ನಡೆದುಕೊಳ್ಳುವವರು ಎಂಬುದೊಂದು ಸಿಕ್ಕರೂ ಇಲ್ಲಿ ಜಾತಿ, ಕುಟುಂಬ ಎರಡೂ ತಿಳಿದುಬಿಡುತ್ತವೆ. ತೆರೆದ ಪೋಸ್ಟಿನ ಸಾಲನ್ನು ಇದ್ದ ಹಾಗೇ ಅಚ್ಚು ಹಾಕಿದರಂತೂ ಅದನ್ನು ಹುಡುಕುಪೆಟ್ಟಿಗೆಯಲ್ಲಿ ಟೈಪಿಸಿದವರಿಗೆ ಬರೆದವರ ಖಾತೆಯೇ ಸಿಗಬಹುದು.

2006ರಲ್ಲಿ ಎಒಎಲ್ ಕಂಪನಿ ಸಂಶೋಧಕರಿಗೆಂದು ಸುಮಾರು ಆರೂವರೆ ಲಕ್ಷ ಬಳಕೆದಾರರ ಹುಡುಕಾಟದ ಪದಗಳನ್ನು ಹೆಸರು ತೆಗೆದು, ಸಂಖ್ಯೆ ಹಾಕಿ ಹೊರಬಿಟ್ಟಿತು. ಕೆಲವೇ ದಿನಗಳಲ್ಲಿ ಪತ್ರಕರ್ತರು ಒಬ್ಬ ವೃದ್ಧೆಯ ಮನೆ ಬಾಗಿಲಿಗೆ ತಲುಪಿದ್ದರು.

ಇದಕ್ಕೆ ವಿರುದ್ಧ ದಿಕ್ಕಿನ ಎಳೆತವೂ ಇದೆ. ಹಕ್ಕುಸ್ವಾಮ್ಯ ಕಾಯ್ದೆಯ 57ನೇ ಸೆಕ್ಷನ್ ಪ್ರಕಾರ ತನ್ನ ಬರಹಕ್ಕೆ ತನ್ನ ಹೆಸರು ಕೇಳುವ ಹಕ್ಕು ಲೇಖಕರಿಗಿದೆ, ಮರ್ಯಾದೆಗೆ ಕುಂದು ಬರುವಂತೆ ತಿರುಚಿದರೆ ಪ್ರಶ್ನಿಸುವ ಹಕ್ಕೂ ಇದೆ. ಹೆಸರು ಹಾಕಿದರೆ ಒಬ್ಬರಿಗೆ ಖಾಸಗಿತನ ಹೋಯಿತು ಎಂಬ ನೋವು, ಹಾಕದಿದ್ದರೆ ಇನ್ನೊಬ್ಬರಿಗೆ ಕದ್ದರು ಎಂಬ ಸಿಟ್ಟು. ಎಲ್ಲರಿಗೂ ಒಂದೇ ನಿಯಮ ಮಾಡಿ ಪಾರಾಗುವ ದಾರಿ ಇಲ್ಲ. ಒಬ್ಬೊಬ್ಬರನ್ನೇ ಕೇಳಬೇಕು.

ಬರೆಯದೆಯೂ ಪುಸ್ತಕಕ್ಕೆ ಬಂದವರು

ಈಗ ಆ ಮೂರನೆಯವರು. ಸೊಸೆ ಬರೆದ ಪೋಸ್ಟಿನಲ್ಲಿರುವ ಅತ್ತೆ, ತಮ್ಮ ಬರೆದ ಪಾಲುಪಟ್ಟಿಯ ಜಗಳದಲ್ಲಿರುವ ಅಣ್ಣ, ಹಳೆ ವಿದ್ಯಾರ್ಥಿಯ ನೆನಪಿನಲ್ಲಿರುವ ಮೇಷ್ಟ್ರು, ದತ್ತು ಬಂದದ್ದು ತನಗೇ ಗೊತ್ತಿಲ್ಲದ ಮಗು. ಇವರು ಗ್ರೂಪಿನಲ್ಲೇ ಇಲ್ಲ. ಬರೆದವರೆಲ್ಲ ಸಂತೋಷದಿಂದ ಅನುಮತಿ ಕೊಟ್ಟು, ರಾಯಧನ ಹಂಚಿಕೊಂಡು, ಹೆಸರು ಹಾಕಿಸಿಕೊಂಡರೂ ಇವರನ್ನು ಯಾರೂ ಕೇಳಿರುವುದಿಲ್ಲ. ಹಕ್ಕುಸ್ವಾಮ್ಯ ಕಾಯ್ದೆಗೆ ಇವರು ಯಾರೂ ಅಲ್ಲ, ಏಕೆಂದರೆ ಇವರು ಒಂದು ಸಾಲೂ ಬರೆದಿಲ್ಲ.

ಹೊಸ ಕಾಯ್ದೆಯ ವಿನಾಯಿತಿ ಇವರಿಗೆ ಅನ್ವಯಿಸುವುದಿಲ್ಲ ಎಂಬುದನ್ನು ಗಮನಿಸಬೇಕು. ಸೊಸೆ ತನ್ನ ಮಾಹಿತಿಯನ್ನು ಬಹಿರಂಗ ಮಾಡಬಹುದು. ಅತ್ತೆಯ ಕಾಯಿಲೆಯನ್ನು ಬಹಿರಂಗ ಮಾಡಿದ್ದು ಅತ್ತೆಯಲ್ಲ. ಹಾಗಾಗಿ 2027ರ ಮೇ ನಂತರ ಅಂಥದ್ದನ್ನು ಪುಸ್ತಕಕ್ಕೆ ಹಾಕುವ ಪ್ರಕಾಶಕರು ಅತ್ತೆಯ ಒಪ್ಪಿಗೆ ಎಲ್ಲಿ ಎಂಬ ಪ್ರಶ್ನೆಗೆ ಸಿದ್ಧರಿರಬೇಕು. ವಿಷಯ 18 ವರ್ಷದೊಳಗಿನವರದ್ದಾದರೆ ಹೆತ್ತವರ ಒಪ್ಪಿಗೆ ಬೇಕು. ಇದೇ ಕಟ್ಟುನಿಟ್ಟು ಆತ್ಮಕಥೆ, ಊರಿನ ಚರಿತ್ರೆ, ಪತ್ರಿಕಾ ವರದಿಗಳ ಕತ್ತು ಹಿಸುಕಬಹುದು ಎಂಬುದು ಎದುರು ಪಕ್ಷದ ಆತಂಕ. ಅದರಲ್ಲಿ ಹುರುಳಿದೆ: 2019ರ ಮಸೂದೆಯಲ್ಲಿ ಪತ್ರಿಕೋದ್ಯಮಕ್ಕಿದ್ದ ವಿನಾಯಿತಿ 2023ರ ಕಾಯ್ದೆಯಲ್ಲಿ ಇಲ್ಲ. ಸಂಶೋಧನೆ ಮತ್ತು ದಾಖಲೀಕರಣಕ್ಕೆ ಷರತ್ತಿನ ವಿನಾಯಿತಿ ಇದೆಯಾದರೂ ಮಾರಾಟದ ಪುಸ್ತಕವೊಂದು ಅದರಡಿ ಬರುತ್ತದೆಯೇ ಎಂಬುದು ವಾದದ ವಿಷಯ.

ಹಳೆಯ ದಾರಿಯೂ ಇದೆ. 1994ರಲ್ಲಿ ಸುಪ್ರೀಂ ಕೋರ್ಟ್, ತಮಿಳುನಾಡಿನ ಕೊಲೆ ಅಪರಾಧಿ ಆಟೋ ಶಂಕರ್‌ನ ಆತ್ಮಕಥೆಯ ಪ್ರಕರಣದಲ್ಲಿ ಒಂದು ಗೆರೆ ಎಳೆಯಿತು. ಕೋರ್ಟು ಕಡತದಂಥ ಸಾರ್ವಜನಿಕ ದಾಖಲೆಯಲ್ಲಿರುವುದನ್ನು ಬರೆಯಬಹುದು. ಕುಟುಂಬ, ಮದುವೆ, ತಾಯ್ತನದಂಥ ವಿಷಯಗಳನ್ನು ಆ ವ್ಯಕ್ತಿಯ ಒಪ್ಪಿಗೆಯಿಲ್ಲದೆ ಪ್ರಕಟಿಸಿದರೆ, ಸುಳ್ಳಿರಲಿ ನಿಜವಿರಲಿ, ಪರಿಹಾರಕ್ಕೆ ಹೊಣೆಯಾಗಬೇಕಾಗುತ್ತದೆ. “ನಡೆದದ್ದನ್ನೇ ಬರೆದಿದ್ದೇವೆ” ಎಂಬುದು ಮಾನಹಾನಿ ದಾವೆಯಲ್ಲಿ ಕೈಹಿಡಿಯಬಹುದು, ಇಲ್ಲಿ ಹಿಡಿಯುವುದಿಲ್ಲ.

ಮುಂದೆ ಏನಾಗಬಹುದು?

ಸಣ್ಣ ಪ್ರಕಾಶಕರು ಸಂಪಾದಕರ ಹತ್ತಿರ ಅನುಮತಿ ಪತ್ರಗಳ ಕಟ್ಟು ಕೇಳಲು ಶುರುಮಾಡುತ್ತಾರೆ. ಯಾವ ಬರಹ, ಯಾವ ಪುಸ್ತಕಕ್ಕೆ, ಹೆಸರು ಹಾಕಬೇಕೇ ಬೇಡವೇ, ಎಷ್ಟು ಮುದ್ರಣಕ್ಕೆ, ಹಣ ಬಂದರೆ ಏನು ಎಂಬಷ್ಟು ಅದರಲ್ಲಿದ್ದರೆ ಸಾಕು. ಸಂಪರ್ಕಕ್ಕೆ ಸಿಗದವರ ಬರಹ ಬಳಸಲು ಹಕ್ಕುಸ್ವಾಮ್ಯ ಕಾಯ್ದೆಯ 31ಎ ಸೆಕ್ಷನ್ನಿನಲ್ಲಿ ದಾರಿ ಇದೆ. ಆದರೆ ಪತ್ರಿಕೆಯಲ್ಲಿ ಪ್ರಕಟಣೆ, ಅರ್ಜಿ, ವಿಚಾರಣೆ ಎಂದು ಓಡಾಡುವ ಖರ್ಚಿನ ಮುಂದೆ ಆ ಎರಡು ಪುಟ ಬಿಟ್ಟುಬಿಡುವುದೇ ಲೇಸು ಎಂದು ಹೆಚ್ಚಿನವರು ತೀರ್ಮಾನಿಸುತ್ತಾರೆ. ಗ್ರೂಪಿಗೆ ಸೇರಿಸುವಾಗಲೇ “ಇಲ್ಲಿನ ಬರಹ ಪುಸ್ತಕವಾಗಬಹುದು” ಎಂದು ಹಾಕುವವರೂ ಬರುತ್ತಾರೆ. ಅಂಥ ಕಡೆ ಜನ ಮನಸ್ಸು ಬಿಚ್ಚಿ ಬರೆಯುವುದೂ ಕಡಿಮೆಯಾಗುತ್ತದೆ. ಅದು ಈ ಬದಲಾವಣೆಯ ನಿಜವಾದ ನಷ್ಟ, ಅದನ್ನು ಅಲ್ಲಗಳೆಯಲಾಗದು.

ತಕರಾರು ಬಂದಾಗ ಯಾರಿಗೆ ಏನು ಸಿಗುತ್ತದೆ ಎಂಬುದರಲ್ಲೂ ಅಂತರವಿದೆ. ಹಕ್ಕುಸ್ವಾಮ್ಯದ ದಾವೆಯನ್ನು ಲೇಖಕರು ತಾವು ವಾಸವಿರುವ ಜಿಲ್ಲೆಯ ನ್ಯಾಯಾಲಯದಲ್ಲೇ ಹೂಡಬಹುದು. ಪ್ರಕಾಶಕ ಬೆಂಗಳೂರಿನಲ್ಲಿದ್ದರೂ ಕುಂದಾಪುರದವರು ಉಡುಪಿಯಲ್ಲೇ ತಡೆಯಾಜ್ಞೆ, ಪರಿಹಾರ ಎರಡನ್ನೂ ಕೇಳಬಹುದು. ಹೊಸ ಕಾಯ್ದೆಯಡಿ ದತ್ತಾಂಶ ಸಂರಕ್ಷಣಾ ಮಂಡಳಿಗೆ ದೂರು ಕೊಟ್ಟು ಗೆದ್ದರೆ, ವಸೂಲಾದ ದಂಡ ಹೋಗುವುದು ಭಾರತದ ಸಂಚಿತ ನಿಧಿಗೆ. ದೂರು ಕೊಟ್ಟವರಿಗೆ ಅದರಲ್ಲಿ ಒಂದು ರೂಪಾಯಿಯೂ ಇಲ್ಲ. ಮಾಹಿತಿ ತಂತ್ರಜ್ಞಾನ ಕಾಯ್ದೆಯ 43ಎ ಸೆಕ್ಷನ್ನಿನಲ್ಲಿ ಕಂಪನಿಗಳಿಂದ ಪರಿಹಾರ ಪಡೆಯಲು ಇದ್ದ ಸೀಮಿತ ಅವಕಾಶವೂ ಹೊಸ ಕಾಯ್ದೆ ಪೂರ್ತಿ ಜಾರಿಯಾದಾಗ ರದ್ದಾಗುತ್ತದೆ. ಪರಿಹಾರ ಬೇಕೆನ್ನುವ ಆ ಅತ್ತೆ ಸಿವಿಲ್ ಕೋರ್ಟಿನಲ್ಲಿ ಸ್ವಂತ ಖರ್ಚಿನಲ್ಲಿ ದಾವೆ ಹೂಡಬೇಕು. ಹೂಡಿದರೆ, ಯಾವ ವಿಷಯ ಹೊರಗೆ ಬರಬಾರದಿತ್ತೋ ಅದನ್ನೇ ದಾವೆಯ ಅರ್ಜಿಯಲ್ಲಿ ಮೊದಲು ಬರೆದುಕೊಡಬೇಕಾಗುತ್ತದೆ.